ಪಾಸ್ ಎಂಬ ಒಂದು ಮಾತು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಮೇಷ್ಟ್ರ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಆದರೆ ಇವತ್ತು ನಾನು ಒಂದೇ ಒಂದು ಇಂಗ್ಲಿಷ್ ಮಾತಿನ ಬಗ್ಗೆ ಹೇಳಿ ಮುಗಿಸುತ್ತೇನೆ. ಆ ಮಾತು ನಿಮಗೆಲ್ಲ ಗೊತ್ತಿದೆ. ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತಿದೆ. ಅದು 'ಪಾಸ್'.

ಈ ಎರಡು ದಿನದಲ್ಲಿ ನಾವು ಒಬ್ಬರನ್ನೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ಇದು: "ನೀನು ಯಾವ ವರ್ಷ ಪಾಸ್ ಔಟು?" ನೋಡಿ, ಇದನ್ನೇ ಲಂಡನ್ನಿನಲ್ಲಿ ಒಬ್ಬನನ್ನು ಕೇಳಿದರೆ ಅವನು ಗಾಬರಿಯಾಗುತ್ತಾನೆ. ಅಲ್ಲಿ ದಿನನಿತ್ಯದ ಮಾತಿನಲ್ಲಿ 'ಪಾಸ್ ಔಟ್' ಆಗುವುದು ಅಂದರೆ ಪ್ರಜ್ಞೆ ತಪ್ಪಿ ಬೀಳುವುದು. ಸೈನ್ಯದ ತರಬೇತಿ ಮುಗಿಸಿದವರ 'ಪಾಸಿಂಗ್ ಔಟ್ ಪೆರೇಡ್' ಅಲ್ಲಿಯೂ ಉಂಟು, ನಮ್ಮಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲೂ ಉಂಟು. ನಾವು ಭಾರತದವರು ಆ ಮಾತನ್ನು ಶಾಲೆ ಕಾಲೇಜಿಗೂ ತಂದುಕೊಂಡೆವು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಆಡುವವರು ಕೋಟಿಗಟ್ಟಲೆ ಇದ್ದಾಗ ಅದು ನಮ್ಮ ಇಂಗ್ಲಿಷ್ ಆಯಿತು. ಆದರೂ ನಮ್ಮಲ್ಲಿ ಕೆಲವರು ಗಣಿತದ ಪ್ರಶ್ನೆಪತ್ರಿಕೆ ನೋಡಿದ ದಿನ ಇಂಗ್ಲೆಂಡಿನವರ ಅರ್ಥದಲ್ಲೇ ಪಾಸ್ ಔಟ್ ಆಗಿದ್ದೆವು ಎಂಬುದು ಈಗ ಮುಂದಿನ ಸಾಲಿನಲ್ಲಿ ನಗುತ್ತಿರುವ ನನ್ನ ಗೆಳೆಯರಿಗೆ ಗೊತ್ತು.

ಈ ಮಾತನ್ನೇ ಆರಿಸಿಕೊಳ್ಳಲು ನನಗೊಂದು ಕಾರಣ ಇದೆ. ಅದನ್ನು ಈ ಊರಿನಲ್ಲಿ ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು.

ನಾನು ಆಗ ಒಂಬತ್ತನೆಯ ತರಗತಿ. ಶಾಲೆ ಶುರುವಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಕಟ್ಟಡ ಇರಲಿಲ್ಲ, ದೇವಸ್ಥಾನದ ಪಕ್ಕದ ಛತ್ರದಲ್ಲಿ ಪಾಠ. ನಮ್ಮ ಬೀದಿಯಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದವನು ನಾನೊಬ್ಬನೇ. ಹಾಗಾಗಿ ಬೀದಿಗೆ ಬರುವ ಕಾಗದವೆಲ್ಲ ನನ್ನ ಕೈಗೇ ಬರುತ್ತಿತ್ತು. ಓದಿ ಹೇಳಿದ್ದಕ್ಕೆ ಒಂದು ಮನೆಯಲ್ಲಿ ಕಡಲೆಕಾಯಿ, ಒಂದು ಮನೆಯಲ್ಲಿ ಮಜ್ಜಿಗೆ. ನನಗೆ ಅದರಿಂದ ಸ್ವಲ್ಪ ಗತ್ತೂ ಬಂದಿತ್ತು.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಅಣ್ಣ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದರು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ, ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವುದು. ಆ ಮನೆಯಲ್ಲೂ ಹಾಗೆಯೇ. ಮೊಮ್ಮಗ ಆ ವರ್ಷ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದ. ಫಲಿತಾಂಶ ಇವತ್ತೋ ನಾಳೆಯೋ ಎನ್ನುವ ಹೊತ್ತು. ಅಂಥ ಒಂದು ಮಧ್ಯಾಹ್ನ ಅಜ್ಜಿಯ ಮನೆಗೆ ತಂತಿ ಬಂತು.

ಈಗಿನ ಮಕ್ಕಳಿಗೆ ತಂತಿ ಗೊತ್ತಿಲ್ಲ. ನಮ್ಮ ದೇಶದಲ್ಲಿ ಆ ಸೇವೆ 2013ರ ಜುಲೈಯಲ್ಲಿ ನಿಂತೇಹೋಯಿತು. ಆಗ ಒಂದೊಂದು ಪದಕ್ಕೂ ದುಡ್ಡು. ಹಾಗಾಗಿ ನಾಲ್ಕು ಪದದಲ್ಲಿ ಇಡೀ ಸಮಾಚಾರ ಮುಗಿಸುತ್ತಿದ್ದರು. ತಂತಿ ಬಂತು ಅಂದರೆ ಒಡೆಯುವ ಮುಂಚೆಯೇ ಹೆಂಗಸರು ಅಳುವುದಕ್ಕೆ ಶುರು ಮಾಡುತ್ತಿದ್ದರು. ಸಾವಿನ ಸುದ್ದಿಯಾದರೆ ಅದರಲ್ಲಿ 'ಎಕ್ಸ್‌ಪೈರ್ಡ್' ಎಂದಿರುತ್ತಿತ್ತು. ಆ ಒಂದು ಇಂಗ್ಲಿಷ್ ಪದ ಅಕ್ಷರ ಬಾರದವರಿಗೂ ಗೊತ್ತಿತ್ತು.

ಅಜ್ಜಿ ನಡುಗುವ ಕೈಯಲ್ಲಿ ಕಾಗದ ಕೊಟ್ಟು "ಏನ್ ಬರ್ದವ್ರೆ ನೋಡು ಮಗ" ಅಂದರು. ನಾನು ನೋಡಿದೆ. 'ಎಕ್ಸ್‌ಪೈರ್ಡ್' ಇಲ್ಲ. ಮೊದಲು ಆ ಹೆಸರು. ಆಮೇಲೆ 'ಪಾಸ್ಡ್ ಅವೇ ದಿಸ್ ಮಾರ್ನಿಂಗ್, ಇನ್‌ಫಾರ್ಮ್ ಆಲ್.' ನನಗೆ ಖುಷಿಯಾಯಿತು. ಹುಡುಗ ಪಾಸ್! 'ಅವೇ' ಅಂದರೆ ದೂರ ಎಂದು ಪಾಠದಲ್ಲಿ ಬಂದಿತ್ತು. ದೂರ ದಾಟಿದ್ದಾನೆ ಅಂದರೆ ಒಳ್ಳೆಯ ನಂಬರಿನಲ್ಲೇ ದಾಟಿರಬೇಕು. 'ದಿಸ್ ಮಾರ್ನಿಂಗ್', ಇವತ್ತು ಬೆಳಗ್ಗೆ ಪೇಪರಿನಲ್ಲಿ ಬಂದಿರಬೇಕು. 'ಇನ್‌ಫಾರ್ಮ್ ಆಲ್', ಎಲ್ಲರಿಗೂ ತಿಳಿಸಿ. ಎಲ್ಲವೂ ಸರಿಯಾಗಿ ಕೂತಿತು.

"ಅಜ್ಜಿ, ನಿಮ್ಮ ಮೊಮ್ಮಗ ಪಾಸು!" ಅಂದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬೆಲ್ಲದ ಅಚ್ಚು ತಂದು ಒಡೆದರು. ತಂತಿಯಲ್ಲೇ ಎಲ್ಲರಿಗೂ ತಿಳಿಸಿ ಎಂದಿದೆಯಲ್ಲ, ನಾನೇ ಮನೆಮನೆಗೆ ಹೋಗಿ ಬೆಲ್ಲ ಕೊಟ್ಟು ಬಂದೆ. ಬೆಂಗಳೂರಿಗೆ ಆಗ ನಮ್ಮೂರಿನಿಂದ ಎರಡು ಗಂಟೆಗೆ ಒಂದು ಬಸ್ಸು. ಆಮೇಲೆ ಮಾರನೆಯ ಬೆಳಗ್ಗೆಯೇ. ಆ ಎರಡು ಗಂಟೆಯ ಬಸ್ಸು ನಾನು ಬೆಲ್ಲ ಹಂಚುತ್ತಿದ್ದಾಗ ನಮ್ಮ ಬೀದಿಯ ಮುಂದೆಯೇ ಹೋಯಿತು.

ಸಂಜೆ ನಮ್ಮ ಇಂಗ್ಲಿಷ್ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಅವರಿಗೂ ಬೆಲ್ಲ ಕೊಟ್ಟೆ. ಏನು ವಿಶೇಷ ಅಂದರು. ಹೇಳಿದೆ. "ತಂತಿ ಎಲ್ಲಿ, ತಾ" ಅಂದರು. ಓದಿದರು. ಕೈಯಲ್ಲಿದ್ದ ಬೆಲ್ಲವನ್ನು ಜಗಲಿಯ ಮೇಲೆ ಇಟ್ಟು, ಅಜ್ಜಿಯ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು.

ಮಾರನೆಯ ಬೆಳಗಿನ ಬಸ್ಸಿನಲ್ಲಿ ಅಜ್ಜಿ ಹೋದರು. ಅಷ್ಟು ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ಒಡಹುಟ್ಟಿದ ಅಣ್ಣನ ಮುಖವನ್ನು ಅವರು ನೋಡಲಿಲ್ಲ.

ನನಗೆ ಯಾರೂ ಹೊಡೆಯಲಿಲ್ಲ. ನಮ್ಮಪ್ಪ ಕೂಡ. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಾನು ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಮೇಷ್ಟ್ರೇ ಮನೆಗೆ ಬಂದು ಕರೆದುಕೊಂಡು ಹೋದರು. ತರಗತಿಯಲ್ಲಿ ನನ್ನ ಹೆಸರು ಎತ್ತಲಿಲ್ಲ, ನಡೆದದ್ದನ್ನೂ ಎತ್ತಲಿಲ್ಲ. ಕರಿಹಲಗೆಯ ನಡುವೆ 'ಪಾಸ್' ಎಂದು ದೊಡ್ಡದಾಗಿ ಬರೆದು, ಸುತ್ತ ಗೆರೆ ಎಳೆಯುತ್ತಾ ಹೋದರು. ಆ ಒಂದು ಪೀರಿಯಡ್ಡು ನನ್ನನ್ನು ಇಂಗ್ಲಿಷ್ ಮೇಷ್ಟ್ರನ್ನಾಗಿ ಮಾಡಿತು. ಅವರು ಅಂದು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದಿದ್ದನ್ನು ಸೇರಿಸಿ, ಈಗ ನಿಮ್ಮ ಮುಂದೆ ಇಡುತ್ತೇನೆ.

'ಪಾಸ್' ಮೂಲದಲ್ಲಿ ಇಂಗ್ಲಿಷ್ ಮಾತಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ಎಂಬ ದೊರೆ ಹೋಗಿ ಇಂಗ್ಲೆಂಡನ್ನು ಗೆದ್ದ. ಅವನ ಹಿಂದೆ ಫ್ರೆಂಚ್ ಮಾತುಗಳು ಸಾವಿರಾರು ಹೋದವು. ಈ ಮಾತೂ ಹಾಗೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ 'ಪಾಸ್ಸುಸ್'. ಹಾಗೆಂದರೆ ಹೆಜ್ಜೆ. ಕಾಲಿಡುವ ಹೆಜ್ಜೆ, ಅಷ್ಟೇ. ಹೆಜ್ಜೆ ಇಟ್ಟರೆ ಇಲ್ಲಿಂದ ಅಲ್ಲಿಗೆ ಹೋಗುತ್ತೇವೆ, ನಡುವೆ ಇರುವುದನ್ನು ದಾಟುತ್ತೇವೆ. ಈ ಒಂದು ಚಿತ್ರ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ ಒಂದು ಹೊಸಿಲು, ದಾಟಿದರೆ ಪಾಸ್. ವಿಧಾನಸೌಧದಲ್ಲಿ ಮಸೂದೆ ಒಂದು ಸದನವನ್ನು ದಾಟಿ ಇನ್ನೊಂದಕ್ಕೆ ಹೋಗುತ್ತದೆ; ಬಿಲ್ ಪಾಸ್. ನಮ್ಮ ಪಂಚಾಯಿತಿಯ ಚರಂಡಿ ಕೆಲಸದ ಬಿಲ್ಲೂ ಒಂದು ಮೇಜನ್ನು ದಾಟಿ ಇನ್ನೊಂದು ಮೇಜಿಗೆ ಹೋಗಬೇಕು. ಅದು ಪಾಸಾಗುವುದಕ್ಕೆ ವಿಧಾನಸೌಧದ ಬಿಲ್ಲಿಗಿಂತ ಹೆಚ್ಚು ದಿನ ಹಿಡಿಯುವುದೂ ಉಂಟು. ಆಟದಲ್ಲಿ ಚೆಂಡು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ, ಅದೂ ಪಾಸ್. ಊಟಕ್ಕೆ ಕೂತಾಗ 'ಪಾಸ್ ದ ಸಾಲ್ಟ್' ಅಂದರೆ ಉಪ್ಪನ್ನು ಇತ್ತ ದಾಟಿಸಿ ಎಂದು. ಸಭೆಯಲ್ಲಿ ಅಧ್ಯಕ್ಷರು 'ಮೋಷನ್ ಪಾಸ್ಡ್' ಅಂದರೆ ಗೊತ್ತುವಳಿ ಒಪ್ಪಿಗೆಯಾಯಿತು ಎಂದು. ಅದೇ ಮಾತನ್ನು ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರೆ ಅದರ ಅರ್ಥ ಏನೆಂದು ನಾನು ಈ ವೇದಿಕೆಯಿಂದ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಬಂಧುಬಳಗವನ್ನೂ ನೋಡಿ. ದಾಟಲು ಬಿಡಿ ಎನ್ನುವ ಚೀಟಿ ಬಸ್ ಪಾಸ್. ದೇಶದ ಬಾಗಿಲು ದಾಟಿಸುವ ಪುಸ್ತಕ ಪಾಸ್‌ಪೋರ್ಟ್. ಕಾವಲಿನವನು ಬಿಡಬೇಕಾದರೆ ಅವನ ಕಿವಿಯಲ್ಲಿ ಹೇಳಬೇಕಾದ ಗುಟ್ಟಿನ ಮಾತು ಪಾಸ್‌ವರ್ಡ್. ಈಗ ನಮ್ಮ ಮೊಬೈಲೇ ಕಾವಲುಗಾರ. ಊರಿನೊಳಗೆ ಬಾರದೆ ಪಕ್ಕದಿಂದ ದಾಟುವ ರಸ್ತೆ ಬೈಪಾಸ್. ಹೃದಯಕ್ಕೂ ಅಂಥದೇ ಪಕ್ಕದ ದಾರಿ ಮಾಡುತ್ತಾರೆ. ದಾಟಬಾರದ ಗಡಿಯನ್ನು ದಾಟಿದರೆ ಟ್ರೆಸ್‌ಪಾಸ್. ಪ್ರಯಾಣಿಕ ಪ್ಯಾಸೆಂಜರ್. ದಾಟಿಹೋದ ಕಾಲ ಪಾಸ್ಟ್. ಹತ್ತೂವರೆಗೆ 'ಹಾಫ್ ಪಾಸ್ಟ್ ಟೆನ್' ಅನ್ನುತ್ತೇವಲ್ಲ, ಗಂಟೆ ಹತ್ತನ್ನು ದಾಟಿ ಅರ್ಧ ಗಂಟೆ ನಡೆದಿದೆ ಎಂದೇ ಅದರ ಅರ್ಥ. ಮಕ್ಕಳಿಗೆ ಒಂದು ಎಚ್ಚರಿಕೆ: ವ್ಯಾಕರಣದ ಪ್ಯಾಸಿವ್ ವಾಯ್ಸ್ ಈ ಮನೆತನದ್ದಲ್ಲ. ಅದು ಲ್ಯಾಟಿನ್ನಿನಲ್ಲಿ ಅನುಭವಿಸು, ನೋವು ಉಣ್ಣು ಎನ್ನುವ ಬೇರೆ ಬೇರಿನಿಂದ ಬಂದದ್ದು. ಪೇಷೆಂಟ್ ಅದರ ನೆಂಟ. ಪ್ಯಾಸಿವ್ ವಾಯ್ಸ್ ಕಲಿಸುವಾಗ ನೀವು ಪಡುವ ಕಷ್ಟಕ್ಕೆ ಆ ನೆಂಟಸ್ತನವೇ ಕಾರಣ ಇರಬಹುದು.

ಇನ್ನು ನನ್ನನ್ನು ಬೀಳಿಸಿದ ಜಾಗಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಇಂಥ ಸಣ್ಣ ಕ್ರಿಯಾಪದಗಳಿಗೆ ಒಂದು ಬಾಲ ಅಂಟಿಕೊಳ್ಳುತ್ತದೆ. ಬಾಲ ಬದಲಾದರೆ ಪ್ರಾಣಿಯೇ ಬದಲು. 'ಪಾಸ್ ಬೈ' ಅಂದರೆ ಪಕ್ಕದಲ್ಲಿ ಹಾದುಹೋಗು. 'ಪಾಸ್ ಆನ್' ಅಂದರೆ ಮುಂದಿನವರಿಗೆ ಮುಟ್ಟಿಸು. 'ಪಾಸ್ ಓವರ್' ಅಂದರೆ ಕಡೆಗಣಿಸಿ ಮುಂದೆ ಹೋಗು. ಬಡ್ತಿಯ ಪಟ್ಟಿಯಲ್ಲಿ ನಿಮ್ಮನ್ನು ಬಿಟ್ಟು ನಿಮ್ಮ ಕೆಳಗಿನವರಿಗೆ ಕೊಟ್ಟಾಗ ಇದು ನಿಮಗೆ ಅರ್ಥವಾಗುತ್ತದೆ. 'ಪಾಸ್ ಫಾರ್' ಅಂದರೆ ಅಲ್ಲದ್ದು ಹೌದೆಂದು ಸಲ್ಲುವುದು, ಹಿತ್ತಾಳೆ ಚಿನ್ನದ ಹಾಗೆ. 'ಪಾಸ್ ಅಪ್' ಅಂದರೆ ಬಂದ ಅವಕಾಶವನ್ನು ಕೈಬಿಡು. 'ಪಾಸ್ ಅವೇ' ಅಂದರೆ ತೀರಿಕೊಳ್ಳು.

ಮೇಷ್ಟ್ರು ಅಂದು ನಮಗೆ ಮೂರು ಪ್ರಶ್ನೆ ಹೇಳಿಕೊಟ್ಟರು. ಯಾರು ದಾಟಿದರು? ಏನನ್ನು ದಾಟಿದರು? ಬಾಲದಲ್ಲಿ ಏನಿದೆ? ಮೂರಕ್ಕೂ ಉತ್ತರ ಸಿಗುವವರೆಗೆ ಬಾಯಿ ಬಿಡಬೇಡಿ ಅಂದರು. ನಾನು ಅಂದು ಮೊದಲ ಪ್ರಶ್ನೆಗೇ ತಪ್ಪು ಉತ್ತರ ಕೊಟ್ಟಿದ್ದೆ, ಎರಡನೆಯದನ್ನು ಊಹಿಸಿಕೊಂಡಿದ್ದೆ, ಮೂರನೆಯದಕ್ಕೆ ನನಗೆ ಬೇಕಾದ ಅರ್ಥ ಹಚ್ಚಿದ್ದೆ.

ಇಂಗ್ಲಿಷ್ ಅಂದರೆ ಹೀಗೇ, ಗೊಂದಲದ ಭಾಷೆ ಎಂದು ನಮ್ಮ ಮಕ್ಕಳು ಗೊಣಗುತ್ತಾರೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ ಮೊದಲ ಆವೃತ್ತಿ 1928ರಲ್ಲಿ ಪೂರ್ತಿಯಾದಾಗ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಮಾತು ಯಾವುದು ಗೊತ್ತೆ? ದೊಡ್ಡ ಪಂಡಿತರ ಪದ ಯಾವುದೂ ಅಲ್ಲ, ಮೂರಕ್ಷರದ 'ಸೆಟ್'. ದಿನಾ ಕೈಗೆ ಸಿಗುವ ಕುಡುಗೋಲಿನಿಂದಲೇ ಹುಲ್ಲೂ ಕೊಯ್ಯುತ್ತೇವೆ, ಹಗ್ಗವನ್ನೂ ಕತ್ತರಿಸುತ್ತೇವೆ, ತೆಂಗಿನಕಾಯಿಯನ್ನೂ ಕೆತ್ತುತ್ತೇವೆ. ಮಾತೂ ಹಾಗೆಯೇ. ಹೆಚ್ಚು ಬಳಸಿದ್ದಕ್ಕೇ ಹೆಚ್ಚು ಅರ್ಥ.

ಕನ್ನಡದಲ್ಲಿ ಏನು ಕಡಿಮೆಯೆ? ನಮ್ಮ 'ತೀರು' ಎಂಬ ಮಾತನ್ನೇ ತೆಗೆದುಕೊಳ್ಳಿ. ಸಾಲ ತೀರಿತು, ಇದು ಸಂತೋಷ. ಅಕ್ಕಿ ತೀರಿತು, ಇದು ಚಿಂತೆ. ಆಸೆ ತೀರಿತು ಅಂದರೆ ಈಡೇರಿತು ಎಂದೂ ಆಗಬಹುದು, ಸಾಕಾಯಿತು ಎಂದೂ ಆಗಬಹುದು. ಮಾಡಿಯೇ ತೀರುತ್ತೇನೆ ಎಂದರೆ ಬಿಡುವುದಿಲ್ಲ ಎಂಬ ಹಟ. ತೀರಾ ಬಡವ ಎಂದರೆ ಬಹಳ ಬಡವ. ನ್ಯಾಯಾಧೀಶರು ಕೊಡುವುದು ತೀರ್ಪು. ಕೊನೆಗೆ, ಅಜ್ಜ ತೀರಿಕೊಂಡರು. ಕನ್ನಡ ಕಲಿಯುವ ಒಬ್ಬ ಇಂಗ್ಲಿಷ್ ಹುಡುಗನ ಕೈಗೆ 'ಅಜ್ಜ ತೀರಿಕೊಂಡರು' ಎಂಬ ಚೀಟಿ ಕೊಟ್ಟರೆ, ಅವನು ಅಜ್ಜನ ಸಾಲ ತೀರಿತು ಎಂದು ಬೆಲ್ಲ ಹಂಚಿಯಾನು. 'ಕಳೆ'ಯೂ ಹಾಗೆಯೇ. ಲೆಕ್ಕದಲ್ಲಿ ಕಳೆಯುತ್ತೇವೆ, ಹೊತ್ತು ಕಳೆಯುತ್ತೇವೆ, ಜಾತ್ರೆಯಲ್ಲಿ ದುಡ್ಡು ಕಳೆದುಕೊಳ್ಳುತ್ತೇವೆ, 'ಕಳೆದ ವರ್ಷ' ಎನ್ನುತ್ತೇವೆ. ಕಳೆದ ವರ್ಷ ಎಲ್ಲೂ ಬಿದ್ದುಹೋಗಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಸಾವನ್ನು ಸಾವು ಎಂದು ನೇರವಾಗಿ ಹೇಳಲು ಎರಡು ಭಾಷೆಗೂ ಬಾಯಿ ಬರುವುದಿಲ್ಲ. ಅವರು ದಾಟಿಹೋದರು ಎನ್ನುತ್ತಾರೆ. ನಾವು ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು ಎನ್ನುತ್ತೇವೆ, ಅಥವಾ ಬರೀ "ಹೋಗಿಬಿಟ್ಟರು" ಎಂದು ನಿಲ್ಲಿಸುತ್ತೇವೆ. ಕೇಳುವವರ ಎದೆಗೆ ಪೆಟ್ಟು ಮೆಲ್ಲಗೆ ಬೀಳಲಿ ಎಂದು ಮಾಡಿಕೊಂಡ ಏರ್ಪಾಡು ಇದು. ಬೆಂಗಳೂರಿನಲ್ಲಿ ಆ ತಂತಿ ಬರೆದವರೂ 'ಎಕ್ಸ್‌ಪೈರ್ಡ್' ಎಂಬ ಒರಟು ಪದ ಬೇಡ, ಮುದುಕಿ ಒಮ್ಮೆಗೇ ಕುಸಿದಾಳು ಎಂದು, ಒಂದು ಪದದ ದುಡ್ಡು ಹೆಚ್ಚು ಕೊಟ್ಟೇ 'ಪಾಸ್ಡ್ ಅವೇ' ಎಂದು ಬರೆಸಿರಬೇಕು. ಆ ಮೃದುತನವೇ ನನ್ನ ಕೈಯಲ್ಲಿ ಹಾಗಾಯಿತು. ಇದನ್ನು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಈಗ ಶಾಲೆಯ ಪಾಸಿನ ಮಾತು. ಕನ್ನಡದಲ್ಲಿ ನಾವು ಅಂಕಪಟ್ಟಿಯಲ್ಲಿ 'ಉತ್ತೀರ್ಣ' ಎಂದು ಬರೆಯುತ್ತೇವೆ. ಅದು ಸಂಸ್ಕೃತ. ಅದರ ಅರ್ಥವೂ ದಾಟಿ ಮೇಲೆ ಬಂದವನು ಎಂದೇ. ನದಿಯನ್ನು ದಾಟಿ ದಡ ಹತ್ತಿದ ಹಾಗೆ. ಅವತಾರ, ತೀರ್ಥ ಎಂಬ ಮಾತುಗಳೂ ಅದೇ ಧಾತುವಿನವು. ತೀರ್ಥ ಅಂದರೆ ಮೊದಲು ಹೊಳೆ ದಾಟುವ ಜಾಗ. ಜೈನರು ತೀರ್ಥಂಕರ ಎನ್ನುವುದು ದಾಟುವ ಜಾಗವನ್ನು ಮಾಡಿಕೊಟ್ಟವರು ಎಂಬ ಅರ್ಥದಲ್ಲಿ. ಅಲ್ಲಿ ಲ್ಯಾಟಿನ್ನಿನವರು ಹೆಜ್ಜೆ ಎಂದರು, ಇಲ್ಲಿ ನಮ್ಮವರು ಹೊಳೆ ಎಂದರು, ಎರಡೂ ಬಂದು ಸೇರಿದ್ದು ದಾಟುವುದರಲ್ಲಿಯೇ.

ಈ ಅರ್ಥ ಮರೆತು ನಾವು 'ಪಾಸ್' ಮಾತಿಗೆ ಇಷ್ಟು ಅಂಕ ಎಂಬ ಒಂದೇ ಅರ್ಥ ಉಳಿಸಿಕೊಂಡಿದ್ದೇವೆ. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಡುಮ್ಕಿ. ಹೆಚ್ಚಿನವರು ಹೋದದ್ದು ನಾನು ಕಲಿಸುವ ಇಂಗ್ಲಿಷಿನಲ್ಲಿಯೇ. ಅವರಲ್ಲಿ ಒಬ್ಬ ಫಲಿತಾಂಶದ ರಾತ್ರಿ ಊರು ಬಿಟ್ಟುಹೋದ. ಅವನ ತಾಯಿ ವರ್ಷಗಟ್ಟಲೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ ಕೂರುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಇನ್ನೊಬ್ಬ ಇಲ್ಲಿಯೇ ಉಳಿದು ಗಾರೆ ಕೆಲಸ ಕಲಿತ. ಮಕ್ಕಳೆ, ನೀವು ಇವತ್ತು ಒರಗಿ ಕೂತಿರುವ ಆ ಗೋಡೆ ಅವನು ಕಟ್ಟಿದ್ದು. ಹತ್ತನೇ ತರಗತಿಯಲ್ಲಿ ನಪಾಸಾದವನ ಗೋಡೆ ಮೂವತ್ತು ಮಳೆಗಾಲವನ್ನು ದಾಟಿ ನಿಂತಿದೆ. ಊರು ಬಿಟ್ಟವನಿಗೂ ಅವತ್ತು ಯಾರಾದರೂ "ಇದು ಒಂದು ಹೆಜ್ಜೆ ಕಣೋ, ಮುಂದಿನ ಸಲ ಇಡುವಿಯಂತೆ" ಎಂದು ಹೇಳಿದ್ದರೆ ಈ ದಿನ ನಮ್ಮ ಜೊತೆ ಇಲ್ಲಿ ಕೂತಿರುತ್ತಿದ್ದನೋ ಏನೋ. ನಾವು ಯಾರೂ ಹೇಳಲಿಲ್ಲ. ಪಾಸಾದ ನಾವು ನಮ್ಮ ಸಕ್ಕರೆ ಹಂಚುವುದರಲ್ಲಿದ್ದೆವು. ತಂದೆತಾಯಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಫಲಿತಾಂಶ ಬಂದ ದಿನ ಮಕ್ಕಳ ಅಂಕ ನೋಡುವ ಮೊದಲು ಅವರ ಮುಖ ನೋಡಿ.

ನನ್ನ ಇಪ್ಪತ್ತು ನಿಮಿಷ ದಾಟುತ್ತಾ ಬಂತು. ಅಜ್ಜಿಯ ಕಥೆ ಅರ್ಧಕ್ಕೆ ನಿಂತಿದೆ, ಮುಗಿಸಿಬಿಡುತ್ತೇನೆ.

ಅಜ್ಜಿ ಬೆಂಗಳೂರಿನಿಂದ ತಿಥಿ ಮುಗಿಸಿ ಬಂದ ಮೇಲೆ ನಾನು ಅವರ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದೆ. ಹಿತ್ತಲ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದೆ. ಸುಮಾರು ಒಂದು ತಿಂಗಳಾಗಿರಬಹುದು. ಒಂದು ಸಂಜೆ ನಾನು ದೀಪದ ಮುಂದೆ ಓದುತ್ತಾ ಕೂತಿದ್ದೆ. ಅಜ್ಜಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ಸೆರಗಿನ ಗಂಟಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ನನ್ನ ಮುಂದೆ ಹಿಡಿದರು. ನಾನು ಕೈ ಚಾಚಲಿಲ್ಲ. "ನಾನು ಓದಲ್ಲ ಅಜ್ಜಿ, ಮೇಷ್ಟ್ರ ಹತ್ರ ಓದಿಸ್ಕೊಳ್ಳಿ" ಅಂದೆ. ಅಳು ಬಂತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಮೇಷ್ಟ್ರು ಇವತ್ತು ಇರ್ತಾರೆ, ನಾಳೆ ಬೇರೆ ಊರಿಗೆ ಹೋಯ್ತಾರೆ. ನಮ್ ಬೀದೀಲಿ ಓದಕ್ಕೆ ಇರೋನು ನೀನೇ ಅಲ್ವಾ ಮಗ? ಓದು. ಈ ಸಲ ಕೊನೆಗಂಟ ಓದ್ಕೊಂಡು ಆಮೇಲೆ ಹೇಳು."

ನಾನು ಕೊನೆಯವರೆಗೂ ಮನಸ್ಸಿನಲ್ಲೇ ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಹೇಳಿದೆ. ಮೊಮ್ಮಗ ನಿಜವಾಗಿಯೂ ಪಾಸಾಗಿದ್ದ. ಅಜ್ಜಿ ತಲೆಯಾಡಿಸಿ, ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡು ಎದ್ದರು. ಬೆಲ್ಲ ಹಂಚಲಿಲ್ಲ. ಆದರೆ ಮಾರನೆಯ ದಿನದಿಂದ ನಾನು ಮುಂದಿನ ದಾರಿಯಲ್ಲಿಯೇ ಶಾಲೆಗೆ ಹೋದೆ.

ಮಕ್ಕಳೆ, ಈಗ ತಂತಿ ಬರುವುದಿಲ್ಲ. ಆದರೆ ನಿಮ್ಮ ಅಜ್ಜಿಯ ಮೊಬೈಲಿಗೆ ಬ್ಯಾಂಕಿನಿಂದ ಇಂಗ್ಲಿಷ್ ಸಂದೇಶ ಬರುತ್ತದೆ. ಅಪ್ಪನ ಕೈಗೆ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೊಡುತ್ತಾರೆ. ಔಷಧದ ಡಬ್ಬಿಯ ಮೇಲೆ, ಕೀಟನಾಶಕದ ಸೀಸೆಯ ಮೇಲೆ ಸಣ್ಣ ಅಕ್ಷರ ಇರುತ್ತದೆ. ಅವರು ನಿಮ್ಮ ಮುಂದೆಯೇ ಹಿಡಿದು "ಏನ್ ಬರ್ದವ್ರೆ ನೋಡು" ಎನ್ನುತ್ತಾರೆ. ಗೊತ್ತಿರುವ ಒಂದು ಪದ ಕಂಡ ಕೂಡಲೇ ಹೇಳಿಬಿಡಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಅದರಲ್ಲಿ ಅವಮಾನವಿಲ್ಲ. ನಿಘಂಟು ನೋಡಿ. ನಮ್ಮ ಮೇಷ್ಟ್ರ ಮೇಜಿನ ಮೇಲೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಇರುತ್ತಿತ್ತು. ಅದರ ಒಂದು ಪ್ರತಿಯನ್ನು ಇವತ್ತು ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಪ್ರಾರ್ಥನೆ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಯಲ್ಲಿ ಅದು ಹರಿದುಹೋದರೆ ನನಗೆ ಹೇಳಿಕಳಿಸಿ, ಇನ್ನೊಂದು ತಂದುಕೊಡುತ್ತೇನೆ.